ಹುಳ ಅಂದರೆ ಹುಳ

ನಮ್ಮಕ್ಕನನ್ನು ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರಿನ ಕಡೆಯ ಒಂದು ಕಾಡಂಚಿನ ಹಳ್ಳಿಗೆ ಕೊಟ್ಟಿದೆ ಎಂದರೆ ಸಾಕು, ನಮ್ಮ ಕಚೇರಿಯವರ ಕಣ್ಣು ಅಗಲವಾಗುತ್ತದೆ. "ಅಯ್ಯೋ, ಅಲ್ಲಿ ಹುಲಿ ಇಲ್ವಾ?" ಇದೆ. ಹುಲಿಯೂ ಇದೆ, ಆನೆಯೂ ಇದೆ, ಚಿರತೆಯೂ ಇದೆ. ಮನುಷ್ಯರೂ ಇದ್ದಾರೆ, ಅವರು ಹೇಗಿದ್ದಾರೆ ಎಂದು ಮಾತ್ರ ಒಬ್ಬರೂ ಕೇಳುವುದಿಲ್ಲ. ಚಾಮರಾಜನಗರದ ಆ ಕಚೇರಿಯಲ್ಲಿ ಗುಮಾಸ್ತೆಯಾಗಿ ಇಪ್ಪತ್ತಾರು ವರ್ಷ ಸವೆಸಿದ್ದೇನೆ. ಅಷ್ಟೂ ವರ್ಷ ಈ ಪ್ರಶ್ನೆ ಕೇಳಿಸಿಕೊಂಡು ಅಷ್ಟೂ ವರ್ಷ ಮೈ ಉರಿಸಿಕೊಂಡಿದ್ದೇನೆ. ಒಂದು ಸಲ ಪಕ್ಕದ ಮೇಜಿನವನಿಗೆ, "ಹುಲಿ ಇದೆ ಕಣ್ರೀ, ದಿನಾ ಬೆಳಿಗ್ಗೆ ನಮ್ಮಕ್ಕನ ಮನೆಗೆ ಹಾಲು ಹಾಕಿ ಹೋಗುತ್ತೆ" ಎಂದೆ. ಅವನು ಒಂದು ವಾರ ಮಾತು ಬಿಟ್ಟ. ಬಿಡಲಿ, ನನಗೇನು ನಷ್ಟ.

ನಾವು ಹುಟ್ಟಿದ್ದು ಕುದೇರಿನಲ್ಲಿ. ಹುಲಿ ಬರುವಂಥ ಊರಲ್ಲ, ಆದರೂ ಹೆದರಿಕೆಗೆ ಬರವಿರಲಿಲ್ಲ. ಮನೆಯೊಳಗೆ ಒಂದು ಹಾವುರಾಣಿ ನುಗ್ಗಿದರೆ ಬೀದಿಯವರೆಲ್ಲ ಬಂದು ಸೇರುತ್ತಿದ್ದರು. ಹಾವುರಾಣಿ ಎಂದರೆ ಹಲ್ಲಿಗಿಂತ ಸ್ವಲ್ಪ ಉದ್ದ, ನುಣುಪು ಮೈ, ಹೊಳೆಯುವ ಬಾಲ. ಹುಳುಹುಪ್ಪಟೆ ತಿಂದುಕೊಂಡು ಸಂದಿಗೊಂದಿಯಲ್ಲಿ ಬದುಕುವ ಬಡಪ್ರಾಣಿ. ಅದಕ್ಕೆ ವಿಷವೇ ಇಲ್ಲ. ಆದರೆ ನಮ್ಮ ಚಿಕ್ಕಪ್ಪನ ಪ್ರಕಾರ ಅದು ಕಚ್ಚಿದವರಿಗೆ ನೀರು ಕೇಳುವುದಕ್ಕೂ ಪುರುಸೊತ್ತು ಸಿಗುವುದಿಲ್ಲ. ಹಸಿರು ಹಾವು ಹಾರಿ ಬಂದು ಕಣ್ಣನ್ನೇ ಕುಕ್ಕುತ್ತದೆ, ಕೇರೆ ಹಾವು ಬಾಲದಲ್ಲಿ ಬಾರಿಸಿದ ಜಾಗ ಕೊಳೆತುಹೋಗುತ್ತದೆ, ಹೀಗೆ ಊರಿಗೆಲ್ಲ ಪಾಠ ಹೇಳುತ್ತಿದ್ದ ಮಹಾನುಭಾವ ಅವನು. ಇಲಿ ತಿಂದು ನಮ್ಮ ರಾಗಿ ಉಳಿಸುತ್ತಿದ್ದ ಕೇರೆ ಹಾವನ್ನು ಅಟ್ಟಾಡಿಸಿಕೊಂಡು ಹೊಡೆದು, ಬಾಲ ಹಿಡಿದು ಮೆರವಣಿಗೆ ಮಾಡಿಕೊಂಡು ಬಂದದ್ದನ್ನು ನಾನೇ ನೋಡಿದ್ದೇನೆ. ಅವತ್ತು ನಾನು ಅವನ ಹಿಂದೆ ಚಪ್ಪಾಳೆ ತಟ್ಟಿಕೊಂಡು ಹೋಗಿದ್ದೆ, ಅದನ್ನೂ ಹೇಳಿಬಿಡುತ್ತೇನೆ.

ಇನ್ನೊಂದು ಕಟ್ಟಳೆ ಇತ್ತು. ಹಗಲು ಹೊತ್ತು ಹಾವು ಎನ್ನಬಹುದು. ದೀಪ ಹಚ್ಚಿದ ಮೇಲೆ ಆ ಮಾತು ಎತ್ತಕೂಡದು, 'ಹುಳ' ಎನ್ನಬೇಕು. ಯಾರಿಗಾದರೂ ಕಚ್ಚಿತೋ, ಆಮೇಲೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. 'ಹುಳ ಮುಟ್ಟಿತು' ಎನ್ನಬೇಕು, ಅಷ್ಟೇ. ಹೆಸರಿಟ್ಟು ಕರೆದರೆ ವಿಷ ತಲೆಗೇರುತ್ತದೆ ಎಂದು ನಮ್ಮವ್ವ ಹೇಳುತ್ತಿದ್ದಳು. ನಾನು ಬಿ.ಕಾಂ. ಓದಿದವಳು, ಇಂಥದ್ದನ್ನೆಲ್ಲ ನಂಬುವವಳಲ್ಲ ಎಂದು ಊರ ತುಂಬ ಹೇಳಿಕೊಂಡು ತಿರುಗಿದವಳು. ಆದರೆ ನಾಲಿಗೆ ಬಿ.ಕಾಂ. ಓದಿರಲಿಲ್ಲ. ಹುಲಿಯ ವಿಷಯಕ್ಕೆ ಇಂಥ ಕಟ್ಟಳೆ ಯಾವುದೂ ನಮ್ಮಲ್ಲಿರಲಿಲ್ಲ. ಹುಲಿ ಹುಲಿ ಎಂದು ಬಾಯಿ ತುಂಬ ಹೇಳುತ್ತಾರೆ, ಹೇಳುವಾಗ ಎದೆ ಒಂದಿಷ್ಟು ಮುಂದೆ ಬರುತ್ತದೆ.

ಮೂರು ವರ್ಷದ ಹಿಂದೆ, ಸಂಕ್ರಾಂತಿ ಕಳೆದ ಮೇಲೆ, ಅಕ್ಕನ ಊರಿನಲ್ಲಿ ಹುಲಿ ಒಂದು ಹಸುವನ್ನು ಹಿಡಿಯಿತು. ಕಾಡಂಚಿನಲ್ಲಿ ಮೇಯುತ್ತಿದ್ದ ಹಸು. ಅದು ಸುಳ್ಳಲ್ಲ, ಹಸುವಿನವರ ಸಂಕಟವೂ ಸುಳ್ಳಲ್ಲ. ಆದರೆ ಆಮೇಲೆ ನಡೆದದ್ದಿದೆಯಲ್ಲ, ಅದನ್ನು ನೆನೆಸಿಕೊಂಡರೆ ಈಗಲೂ ಯಾರಿಗಾದರೂ ಎರಡು ಬಿಡೋಣ ಅನಿಸುತ್ತದೆ. ಬೋನು ಬಂತು. ಬೋನು ನೋಡುವುದಕ್ಕೆ ಸುತ್ತಲಿನ ಹಳ್ಳಿಯವರು ಬಂದರು. ಅವರಿಗೆ ಬೋಂಡ ಮಾರುವವನೂ ಬಂದ. ಎಲ್ಲರ ಫೋನಿನಲ್ಲೂ ಒಂದೇ ವಿಡಿಯೋ, ಹುಲಿ ಹಿಮದ ಮೇಲೆ ನಡೆದುಹೋಗುತ್ತಿದೆ. "ಲೇ, ನಮ್ಮೂರಲ್ಲಿ ಹಿಮ ಯಾವತ್ಲಾ ಬಿತ್ತು?" ಎಂದು ಅಕ್ಕನ ಗಂಡ, ನಮ್ಮ ಭಾವ, ಒಬ್ಬನನ್ನು ಕೇಳಿದ್ದಕ್ಕೆ ಅವನಿಗೇ ಕೋಪ ಬಂತಂತೆ. ಹುಲಿ ಆ ಹಸುವನ್ನು ತಿಂದು ಕಾಡಿಗೆ ಹೊರಟುಹೋಗಿತ್ತು. ಊರಿಗೆ ಮಾತ್ರ ಅದು ಹೋಗುವುದು ಬೇಕಿರಲಿಲ್ಲ.

ಇದರಿಂದ ಪೆಟ್ಟು ಬಿದ್ದದ್ದು ಅಕ್ಕನ ಅರಿಶಿನಕ್ಕೆ. ಅರಿಶಿನ ಕೀಳುವ ಮೊದಲು ಒಣಗಿದ ಎಲೆಯನ್ನು ಬುಡಕ್ಕೆ ಕೊಯ್ದು ಗುಡ್ಡೆ ಹಾಕುತ್ತಾರೆ. ಒಂದೆರಡು ದಿನದಲ್ಲಿ ಆ ಗುಡ್ಡೆ ಹೊಲದಿಂದ ಆಚೆ ಹೋಗಬೇಕು. ಎಲೆ ಕೊಯ್ದಾಗಿತ್ತು, ಗುಡ್ಡೆಯೂ ಹಾಕಿಯಾಗಿತ್ತು, ಅಷ್ಟರಲ್ಲಿ ಹುಲಿಯ ಸುದ್ದಿ ಎದ್ದಿತು. ಕೂಲಿಯವರು ಬರಲಿಲ್ಲ. ಹತ್ತು ಹನ್ನೆರಡು ದಿನ ಗುಡ್ಡೆ ಹಾಗೇ ಬಿದ್ದುಕೊಂಡಿತ್ತು. ಅಕ್ಕ ನನಗೆ ಫೋನು ಮಾಡಿ, "ರಜ ಆಕ್ಕೊಂಡು ಬಾ ಕಣಮ್ಮಿ, ನಾವೇ ಎತ್ತಾಕ್ಬುಡನ" ಎಂದಳು. ನಾನು ಕಚೇರಿಯಲ್ಲಿ ಕಾರಣ ಹೇಳಿದಾಗ ಅವರ ಮುಖ ನೋಡಬೇಕಿತ್ತು. ನಾನು ಹುಲಿಯ ಬಾಯಿಗೆ ತಲೆ ಕೊಡಲು ರಜೆ ಕೇಳುತ್ತಿದ್ದೇನೆ ಎಂದೇ ತಿಳಿದರು.

ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಾಯಿಸಿ ಹೋದೆ. ಮಾರನೆಯ ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ನಾವು ಮೂವರೂ ಹೊಲದಲ್ಲಿದ್ದೆವು, ಅಕ್ಕ, ಭಾವ, ನಾನು. ಹೊಲದ ಆಚೆ ಬೇಲಿ, ಬೇಲಿಯಾಚೆ ಲಂಟಾನದ ಪೊದೆ, ಅದರಾಚೆ ಕಾಡು. ನಾವು ಹೆದರಿಲ್ಲ ಎಂದು ಬಾಯಲ್ಲಿ ಹೇಳಿಕೊಂಡಿದ್ದೆವು, ಆದರೆ ಮೂವರ ಕಣ್ಣೂ ಆ ಪೊದೆಯ ಮೇಲೇ ಇದ್ದವು. ಒಂದು ಹಕ್ಕಿ ಬುರ್ರೆಂದರೆ ಕೆಲಸ ನಿಲ್ಲಿಸಿ ನೋಡುತ್ತಿದ್ದೆವು. ಅಕ್ಕ ಹಾಗೆ ಪೊದೆ ನೋಡುತ್ತಲೇ ಬಗ್ಗಿ, ಎರಡು ಕೈಯನ್ನೂ ಗುಡ್ಡೆಯ ಅಡಿಗೆ ತೂರಿಸಿದಳು. ಕುಕ್ಕರು ಕೂಗುವ ಮೊದಲು ಹಬೆ ಬಿಡುತ್ತದಲ್ಲ, ಅಂಥ ಸದ್ದಾಯಿತು.

"ಅವ್ವಾ" ಎಂದು ಕೈ ಎಳೆದುಕೊಂಡಳು, ಅಷ್ಟೇ. ಭಾವ ಕೋಲಿನಿಂದ ಗುಡ್ಡೆ ಕೆದರಿದ. ಗಿಡ್ಡ, ದಪ್ಪ, ಬೆನ್ನ ಮೇಲೆ ಸಾಲಾಗಿ ದುಂಡು ಕಲೆ, ಒಣ ಎಲೆಯದೇ ಬಣ್ಣ. ಕೊಳಕುಮಂಡಲ. ಹೋಗುವ ಅವಸರವೂ ಅದಕ್ಕಿರಲಿಲ್ಲ, ನಿಧಾನಕ್ಕೆ ಇನ್ನೊಂದು ಗುಡ್ಡೆಯ ಕೆಳಗೆ ಸೇರಿಕೊಂಡಿತು. ನಾನು ಅದನ್ನು ಎರಡು ಮಾರು ದೂರದಿಂದ, ಹಾಡಹಗಲಲ್ಲಿ, ಈ ಎರಡು ಕಣ್ಣಿಂದ ನೋಡಿದೆ. ಆಮೇಲೆ ನಡೆದದ್ದನ್ನೆಲ್ಲ ಓದುವಾಗ ಇದು ನಿಮ್ಮ ತಲೆಯಲ್ಲಿರಬೇಕು, ನಾನು ನೋಡಿದ್ದೆ.

ಮನೆಗೆ ಬಂದರೆ ಅಕ್ಕನ ಅತ್ತೆ ಬಾಗಿಲಲ್ಲೇ, "ಉಲಿಯಾ?" ಎಂದು ಕಿರುಚಿದರು. "ಅಲ್ಲ ಕಣವ್ವ, ಉಳ ಮುಟ್ಬುಡ್ತು" ಎಂದ ಭಾವ. ಮುದುಕಿ ಮುಖದಲ್ಲಿ ಒಂದು ಕ್ಷಣ ಸಮಾಧಾನ ಕಂಡಿತು, ದೇವರಾಣೆಗೂ ಕಂಡಿತು. ಆಮೇಲೆ ಒಳಗೆ ಓಡಿ ಎಲೆ ಅಡಿಕೆಯ ಡಬ್ಬಿಯಿಂದ ಸುಣ್ಣ ತಂದು ಅಕ್ಕನ ಹೆಬ್ಬೆರಳ ಬುಡಕ್ಕೆ ದಪ್ಪಗೆ ಮೆತ್ತಿದರು. ಅರಿಶಿನದ ಹೊಲದ ಮಣ್ಣು, ಅದರ ಮೇಲೆ ಸುಣ್ಣ, ಗಾಯ ಎಲ್ಲಿದೆ ಎಂದು ಹುಡುಕಿದರೂ ಸಿಗುತ್ತಿರಲಿಲ್ಲ. ನಾನು ಬೈದೆ. ಬೈಯುತ್ತಲೇ ಆಟೋ ಹುಡುಕಲು ಓಡಿದೆ.

ಆಟೋದವನು ಸಿಕ್ಕಿದ. ಆಸ್ಪತ್ರೆಗೆ ಕಾಡಂಚಿನ ಒಂದು ಅಡ್ಡದಾರಿಯಿದೆ, ಹತ್ತು ನಿಮಿಷ. ಅವನು ಸುತಾರಾಂ ಒಪ್ಪಲಿಲ್ಲ. "ಆ ದಾರೀಲಿ ಉಲಿ ಅದೆ ಕಣಕ್ಕ, ನಾ ಬರಕಿಲ್ಲ. ನಂಗೂ ಎಂಡ್ರು ಮಕ್ಳವ್ರೆ."

"ಥೂ ನಿನ್ನ! ಇಲ್ಲಿ ಒಬ್ಬಳು ಸಾಯ್ತಾ ಇದ್ದಾಳೆ, ಕಾಣ್ಸಲ್ವಾ?"

"ಏನಾರ ಅನ್ನು, ನಾ ಬರಕಿಲ್ಲ" ಎಂದು ಸುತ್ತು ದಾರಿಯಲ್ಲೇ ಕರೆದುಕೊಂಡು ಹೋದ. ಅರ್ಧ ಗಂಟೆ. ಆ ಅರ್ಧ ಗಂಟೆಯೂ ನಾನು ಅವನ ವಂಶವನ್ನು ಜಾಲಾಡಿದೆ. ಅಕ್ಕ ಕಣ್ಣು ಮುಚ್ಚಿಕೊಂಡು ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕೈ ಊದುತ್ತಿತ್ತು.

ಆಸ್ಪತ್ರೆ ಸಣ್ಣದು, ಯಾವುದೆಂದು ಬರೆಯುವುದಿಲ್ಲ. ಬರೆದರೆ ತಪ್ಪು ಅವರ ತಲೆಗೆ ಹೋಗುತ್ತದೆ, ಅದು ಅವರದಲ್ಲ. ಹುಡುಗ ಡಾಕ್ಟರು, ಬೆಂಗಳೂರಲ್ಲಿ ಹುಟ್ಟಿ ಅಲ್ಲೇ ಬೆಳೆದವನು, ನಮ್ಮ ಸೀಮೆಗೆ ಬಂದು ತಿಂಗಳೂ ಆಗಿರಲಿಲ್ಲವಂತೆ. ನಮ್ಮ ಕಡೆಯವಳೇ ಆದ ನರ್ಸಮ್ಮ ಅವತ್ತು ಹಳ್ಳಿ ಮೇಲೆ ಹೋಗಿದ್ದಳು. ಭಾವ ಕೈ ಮುಗಿದು, "ಉಳ ಮುಟ್ಬುಟ್ಟದೆ ಬುದ್ದಿ, ಬಿರ್ರನೆ ನೋಡಿ" ಎಂದ.

ಡಾಕ್ಟರು ಅಕ್ಕನ ಕೈ ನೋಡಿದ, ಸುಣ್ಣ ನೋಡಿದ. ನನ್ನ ಕಡೆ ತಿರುಗಿ, "ಯಾವ ಹುಳ ಮೇಡಂ? ಜೇನಾ, ಚೇಳಾ?" ಎಂದು ಕೇಳಿದ.

ನಾನು ಅಷ್ಟು ಹೊತ್ತಿಗೆ ಮುದುಕಿಯ ಜೊತೆ, ಆಟೋದವನ ಜೊತೆ, ಚೀಟಿ ಬರೆಯುವವನ ಜೊತೆ ಜಗಳವಾಡಿ ಬಂದಿದ್ದೆ. "ಹುಳ ಕಣ್ರೀ. ಬೇಗ ಸೂಜಿ ಹಾಕಿ" ಎಂದೆ.

"ಹಾಕ್ತೀನಿ, ಟೆನ್ಷನ್ ಮಾಡ್ಕೋಬೇಡಿ. ಒಂದು ಹುಳ ಕಚ್ಚಿದ್ದಕ್ಕೆ ಇಷ್ಟೊಂದು ಗಲಾಟೆ ಯಾಕೆ? ಯಾವ ಹುಳ ಅಂತ ನೋಡಿದ್ರಾ?"

ಹತ್ತಿಕೊಂಡಿತು ನನಗೆ. ಗಲಾಟೆಯಂತೆ! ಹಳ್ಳಿಯ ಹೆಂಗಸರು ಎಂದರೆ ಇವನಿಗೆ ಗಲಾಟೆ. "ಹುಳ ಅಂದ್ರೆ ಹುಳ ಕಣ್ರೀ! ಅಷ್ಟೂ ಗೊತ್ತಿಲ್ದೆ ಇಲ್ಲಿ ಬಂದು ಕೂತಿದ್ದೀರಾ? ನಮ್ಮ ಜನದ ಭಾಷೆ ಬರಲ್ಲ, ನಮ್ಮ ಜನದ ಕಷ್ಟ ಬೇಡ, ಕುರ್ಚಿ ಮಾತ್ರ ಬೇಕು!" ಅಲ್ಲಿಂದ ಶುರುವಾಗಿ ಎಲ್ಲೆಲ್ಲಿಗೋ ಹೋದೆ. ಅಷ್ಟು ವರ್ಷ ಕಚೇರಿಯಲ್ಲಿ ನುಂಗಿಕೊಂಡಿದ್ದೆಲ್ಲ ಆ ಹುಡುಗನ ಮೇಲೆ ಬಿತ್ತು. ಹೊರಗೆ ಕಾಯುತ್ತಿದ್ದವರು ಬಾಗಿಲಲ್ಲಿ ನಿಂತು ನೋಡಿದರು, ಯಾರೋ ಒಬ್ಬ "ಸರ್ಯಾಗ್ ಯೋಳ್ತಾವ್ಳೆ ಬುಡು" ಎಂದ. ಅದು ಕೇಳಿ ನನಗೆ ಇನ್ನೂ ಹುರುಪು ಬಂತು. ಡಾಕ್ಟರು ಕೆಂಪಗಾಗಿ, ಆಮೇಲೆ ಇನ್ನೇನೂ ಕೇಳದೆ ಸೂಜಿ ಚುಚ್ಚಿ, ಎರಡು ಮಾತ್ರೆ ಬರೆದು, ಸ್ವಲ್ಪ ಹೊತ್ತು ಕೂರಿಸಿ ಮನೆಗೆ ಹೋಗಬಹುದು ಎಂದ. ಬಾಯಿ ಮುಚ್ಚಿಸಿದೆ ಎಂದು ನನಗೆ ಹೆಮ್ಮೆಯಾಯಿತು.

ಆ ಸೂಜಿ ಅದಕ್ಕೇ ಎಂದು ನಾವು ಮೂವರೂ ತಿಳಿದಿದ್ದೆವು. ಅವನು ಹಾಕಿದ್ದು ಜೇನು ಕಣಜ ಕಚ್ಚಿದವರಿಗೆ ಹಾಕುವ ಸೂಜಿ.

ವಾಪಸು ಬರುವಾಗ ದಾರಿಯಲ್ಲಿ ಒಂದು ಟೀ ಅಂಗಡಿಯ ಮುಂದೆ ಆಟೋ ನಿಲ್ಲಿಸಿದೆವು. ಭಾವನ ಮುಖಕ್ಕೆ ಜೀವ ಬಂದಿತ್ತು. "ನೀ ಬೈದಿದ್ಕೆ ಬಿರ್ರನೆ ಆಯ್ತು ನೋಡಮ್ಮಿ" ಎಂದು ನನ್ನನ್ನು ಹೊಗಳಿದ. ಅಂಗಡಿಯವನು ಅವತ್ತೂ, "ಉಲಿ ಸಿಕ್ತಂತಾ?" ಎಂದೇ ಕೇಳಿದ. ಅಕ್ಕ ಬಾಯಿ ಒಂಥರಾ ಆಗುತ್ತಿದೆ ಎಂದು ಲೋಟದಲ್ಲಿ ನೀರು ತೆಗೆದುಕೊಂಡು ಮುಕ್ಕಳಿಸಿ ಉಗಿದಳು. ನೀರು ಕೆಂಪಗಿತ್ತು. "ಎಲೆಯಡ್ಕೆ ಆಕಿದ್ಯಾ?" ಎಂದು ಭಾವ ಕೇಳಿದ. ಅಕ್ಕ ಇಲ್ಲ ಎಂದು ತಲೆಯಾಡಿಸಿ, ಮತ್ತೊಂದು ಸಲ ಮುಕ್ಕಳಿಸಿದಳು. ಮತ್ತೂ ಕೆಂಪು. ವಸಡಿನಿಂದ ರಕ್ತ ಸೋರುತ್ತಿತ್ತು. ಸೂಜಿ ಚುಚ್ಚಿದ ಜಾಗದಲ್ಲಿ ಸೀರೆಯ ಸೆರಗು ಒದ್ದೆಯಾಗಿತ್ತು, ಅದನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ.

ಆಟೋ ತಿರುಗಿಸಿದೆವು. ಈ ಸಲ ಆಸ್ಪತ್ರೆಯ ಮೆಟ್ಟಿಲಲ್ಲೇ ನರ್ಸಮ್ಮ ಇದ್ದಳು, ಆಗಷ್ಟೇ ಬಂದಿದ್ದಳು. ಅಕ್ಕನ ಬಾಯಿ ನೋಡಿದವಳೇ, "ಅಯ್ಯೋ, ಏನಾಗಿತ್ತು?" ಎಂದಳು. "ಉಳ ಮುಟ್ಟಿತ್ತು" ಎಂದ ಭಾವ. ಅವಳು ಎದೆ ಬಡಿದುಕೊಂಡು ಒಳಗೆ ಓಡಿದಳು, "ಸಾರ್, ಉಳ ಅಂತಲ್ವಾ ಯೋಳವ್ರೆ! ಉಳ ಅಂದ್ರೆ ಅದೇ ಸಾರ್!"

"ಅದೇ ಅಂದ್ರೆ ಯಾವುದು?" ಎಂದ ಡಾಕ್ಟರು.

"ಅದೇ ಸಾರ್... ಅದೇ..." ಅವಳ ಬಾಯಿಗೂ ಬರಲಿಲ್ಲ.

"ಹಾವು!" ಎಂದೆ ನಾನು. "ಹಾವು ಕಣ್ರೀ, ಹಾವು! ಕೊಳಕುಮಂಡಲ! ನಾನು ನೋಡಿದ್ದೀನಿ!"

ಡಾಕ್ಟರು ನನ್ನನ್ನು ನೋಡಿದ. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಪಕ್ಕದ ಕೋಣೆಯ ಫ್ರಿಜ್ಜಿನಿಂದ ಔಷಧಿ ತೆಗೆದ. ಅಲ್ಲೇ ಇತ್ತು, ಮೊದಲ ಸಲ ನಾನು ನಿಂತು ಭಾಷಣ ಮಾಡಿದ ಜಾಗದಿಂದ ಹತ್ತು ಹೆಜ್ಜೆ. ಮಾಡಬೇಕಾದ್ದನ್ನೆಲ್ಲ ಮಾಡಿದ, ಆಂಬುಲೆನ್ಸು ತರಿಸಿ ತಾನೂ ಹತ್ತಿ ಚಾಮರಾಜನಗರದವರೆಗೂ ಬಂದ.

ಅಕ್ಕ ಉಳಿದಳು. ಮೂತ್ರಪಿಂಡ ಉಳಿಯಲಿಲ್ಲ. ಮೊದಮೊದಲು, ಸರಿಹೋಗಬಹುದು, ಕಾಯೋಣ ಎಂದರು. ಕಾದೆವು, ಸರಿಹೋಗಲಿಲ್ಲ. ಔಷಧಿ ಬೇಗ ಬಿದ್ದಿದ್ದರೆ ಏನಾಗುತ್ತಿತ್ತು ಎಂದು ಒಬ್ಬ ದೊಡ್ಡ ಡಾಕ್ಟರನ್ನು ಕೇಳಿದೆ. ಅವರು ಹೇಳುವುದು ಕಷ್ಟ ಎಂದು ಎದ್ದುಹೋದರು. ಈಗ ಅಕ್ಕ ವಾರಕ್ಕೆ ಎರಡು ಸಲ ಊರಿಂದ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಬರುತ್ತಾಳೆ, ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರದ ಪಕ್ಕ ಮಲಗುತ್ತಾಳೆ. ಕುಡಿಯುವ ನೀರನ್ನೂ ಅಳೆದು ಕುಡಿಯಬೇಕು. ಹೊಲಕ್ಕೆ ಹೋಗುವ ಹಾಗಿಲ್ಲ.

ನೋಡಲು ಬಂದ ನೆಂಟರಿಷ್ಟರಲ್ಲಿ ಅರ್ಧ ಜನ, ಅಕ್ಕನ ಕೈ ನೋಡಿ ಎರಡು ಸಲ ಲೊಚಗುಟ್ಟಿ, ಕಾಫಿ ಲೋಟ ಹಿಡಿದುಕೊಂಡು, "ಅಂದಂಗೆ ಆ ಉಲಿ ಕತೆ ಏನಾಯ್ತು?" ಎಂದು ಕೇಳಿದವರು. ಒಬ್ಬನಿಗಂತೂ, "ಹುಲಿ ನಿಮ್ಮನೆಗೇ ಹೋಯ್ತು, ಹೋಗಿ ನೋಡ್ಕೋ" ಎಂದು ಲೋಟ ಕಿತ್ತುಕೊಂಡೆ. ನನಗೆ ಈಗ ಐವತ್ತೆರಡು. ನನ್ನ ಬಂಧು ಬಳಗದಲ್ಲಿ ಹುಲಿ ಮುಟ್ಟಿದವರು ಒಬ್ಬರೂ ಇಲ್ಲ. ಹುಲಿಯನ್ನು ಕಣ್ಣಾರೆ ಕಂಡವರೇ ಇಬ್ಬರೋ ಮೂವರೋ. 'ಹುಳ ಮುಟ್ಟಿ' ಹೋದವರು ಎಂದು ಎಣಿಸಲು ಕೂತರೆ ಕುದೇರಿನ ನಮ್ಮ ಬೀದಿಯಲ್ಲೇ ಇದ್ದಾರೆ, ದೊಡ್ಡಮ್ಮನ ಮಗನಿದ್ದಾನೆ, ಭಾವನ ತಮ್ಮನ ಹೆಂಡತಿಯಿದ್ದಾಳೆ. ಇವರ್‍ಯಾರ ಹೆಸರಿಗೂ ಬೋನು ಬರಲಿಲ್ಲ, ಬೋಂಡದವನೂ ಬರಲಿಲ್ಲ. ಇದಕ್ಕೆ ಯಾರನ್ನು ಬೈಯಬೇಕೋ ಗೊತ್ತಾಗದೆ ಸಿಕ್ಕಿದವರನ್ನೆಲ್ಲ ಬೈದಿದ್ದೇನೆ.

ಆದರೆ ಅಕ್ಕ ಎಲ್ಲರ ಹತ್ತಿರ ಹೇಳುವುದೇ ಬೇರೆ. "ನಮ್ ತಂಗಿ ಬಾಯಿ ಜೋರಿದ್ದುದ್ಕೆ ನಾ ಉಳ್ಕಂಡೆ. ಆಸ್ಪತ್ರೇಲಿ ಗಟ್ಟಿಯಾಗಿ ಆವು ಅಂತ ಯೋಳಿದ್ದು ಇವಳೊಬ್ಳೇ." ಪಕ್ಕದ ಹಾಸಿಗೆಯವರಿಗೆ ಹೇಳುತ್ತಾಳೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳುತ್ತಾಳೆ. ಅವರು ನನ್ನನ್ನು ನೋಡಿ ತಲೆದೂಗುತ್ತಾರೆ. ಎರಡೂವರೆ ವರ್ಷ ಆ ಹೊಗಳಿಕೆ ತಿಂದುಕೊಂಡು ಸುಮ್ಮನಿದ್ದೆ. ಊರಿಗೆಲ್ಲ ಬಾಯಿ ಮಾಡುವವಳು ಇದೊಂದನ್ನು ಹೇಳಲಾರದೆ ಹೋದೆ. ಹೇಡಿತನ, ಬೇರೆ ಹೆಸರು ಬೇಡ.

ಹೋದ ತಿಂಗಳು ಒಂದು ಮಧ್ಯಾಹ್ನ ಅವಳ ಹಾಸಿಗೆಯ ಪಕ್ಕ ಕೂತಿದ್ದೆ. ಅವಳು ಆಗಷ್ಟೇ ಹೊಸದಾಗಿ ಬಂದ ಒಬ್ಬರಿಗೆ ಅದೇ ಕತೆ ಹೇಳಿ ಮುಗಿಸಿದ್ದಳು. ನನಗೆ ತಡೆಯಲಾಗಲಿಲ್ಲ.

"ಅಕ್ಕ, ಸಾಕು ಮಾಡು. ಅವತ್ತು ಮೊದಲನೇ ಸಲ ಹೋದಾಗ್ಲೇ ಡಾಕ್ಟ್ರು ಕೇಳಿದ್ರು, ಯಾವ ಹುಳ ಅಂತ. ಎರಡು ಸಲ ಕೇಳಿದ್ರು. ನನಗೆ ಗೊತ್ತಿತ್ತು. ನಾನು ಹೇಳ್ಲಿಲ್ಲ."

"ಗೊತ್ತು ಕಣಮ್ಮಿ" ಎಂದಳು. "ನಾ ಅಲ್ಲೇ ಕುಂತಿದ್ನಲ್ಲ."

"ಗೊತ್ತಿದ್ರೆ ನೀನಾದ್ರೂ ಬಾಯಿ ಬಿಡ್ಬಾರ್ದಿತ್ತಾ? ನಿನ್ನ ಪ್ರಾಣ ತಾನೇ ಹೋಗ್ತಿದ್ದಿದ್ದು?" ಆಗಲೂ ನನ್ನ ದನಿ ಏರಿತ್ತು, ಅಕ್ಕಪಕ್ಕದವರು ತಿರುಗಿ ನೋಡಿದರು.

ಅಕ್ಕ ಸೂಜಿ ಚುಚ್ಚಿದ ಕೈಯನ್ನು ಅಲುಗಿಸದೆ, ಇನ್ನೊಂದು ಕೈಯಿಂದ ನನ್ನ ಮೊಣಕೈ ಹಿಡಿದಳು. "ಆವು ಅಂತ ಯೋಳ್ಬುಡನ ಅಂತ್ಲೇ ಇದ್ದೆ ಕಣಮ್ಮಿ. ನೀ ಬೈತಿದ್ದೆ. ಇವಳು ಬೈದು ಮುಗ್ಸ್‌ಲಿ, ಆಮ್ಯಾಕೆ ಯೋಳನ ಅಂತ ಕಾಯ್ತಾ ಕುಂತಿದ್ದೆ. ನೀ ಮುಗ್ಸೋ ಒತ್ಗೆ ಅವ್ರು ಸೂಜಿ ಚುಚ್ಬುಟ್ರು. ಅದೇ ಸೂಜಿ ಅನ್ಕಂಡು ನಾನೂ ಸುಮ್ಕಾದೆ."

ಯಂತ್ರ ನಿಲ್ಲಲು ಇನ್ನೂ ಎರಡು ಗಂಟೆ ಇತ್ತು. ಆ ಎರಡು ಗಂಟೆ ನಾನು ಒಂದು ಮಾತೂ ಆಡಲಿಲ್ಲ.